ಇಬ್ರಿಯ ಕರುಳು ಸುತ್ತುವವನು

ಮಗನ ಕೆಲಸ ಎಂಥದ್ದು ಎಂದು ಊರಿನಲ್ಲಿ ಯಾರು ಕೇಳಿದರೂ ಬೀಫಾತುಮ್ಮ, “ಒಮಾನಿನಲ್ಲಿ ಟರ್ಕಿ ಅಡುಗೆಯ ಶೆಫ್” ಎನ್ನುತ್ತಿದ್ದಳು. ಆ ಶೆಫ್ ಸಾಹೇಬರು, ಅಂದರೆ ಅಫ್ವಾನ್, ಅಲ್ಲಿನ ಇಬ್ರಿ ಪಟ್ಟಣದ ಹೋಟೆಲೊಂದರ ಹಿಂಬದಿಯಲ್ಲಿ ಗಂಬೂಟು ಹಾಕಿಕೊಂಡು, ಕುರಿಯ ಕರುಳನ್ನು ಕೋಲಿಗೆ ಸಿಕ್ಕಿಸಿ ಒಳಹೊರಗು ಮಾಡಿ ತೊಳೆಯುತ್ತಿದ್ದರು. ಎಷ್ಟು ಸಾಬೂನು ತಿಕ್ಕಿದರೂ ವಾಸನೆ ಹೋಗದು. ಬಸ್ಸಿನಲ್ಲಿ ಪಕ್ಕದ ಸೀಟು ಸದಾ ಖಾಲಿ ಇರುವುದನ್ನು ಅವನು ಹುದ್ದೆಯ ಸವಲತ್ತು ಎಂದೇ ತಿಳಿದಿದ್ದ.

ತೊಳೆದ ಮೇಲೆ ಸುತ್ತುವ ಕೆಲಸ. ಉದ್ದನೆಯ ಸರಳಿಗೆ ಗುಂಡಿಗೆ, ಶ್ವಾಸಕೋಶ, ಕೊಬ್ಬಿನ ತುಂಡು ಪೋಣಿಸಿ, ಮೇಲೆ ಕರುಳನ್ನು ಬಿಗಿಯಾಗಿ ಸುತ್ತಬೇಕು. ದಾರ ಇಲ್ಲ, ಕರುಳಿನ ತುದಿಯನ್ನೇ ಹಿಂದಿನ ಸುತ್ತಿನಡಿ ತೂರಿಸಿ ಎಳೆಯಬೇಕು. ಅದನ್ನು ಕೆಂಡದ ಮೇಲೆ ತಿರುಗಿಸಿ ಬೇಯಿಸಿದರೆ ಕೊಕೊರೆಚ್. ಕಲಿಸಿದ ಟರ್ಕಿಯ ಉಸ್ತಾದ್ ಕೆಲಸ ಬಿಟ್ಟು ಹೋದ ಮೇಲೆ ಸುತ್ತಲು ಬರುತ್ತಿದ್ದದ್ದು ಅಫ್ವಾನನೊಬ್ಬನಿಗೇ.

ಕೆಂಡದೆದುರು ಬಿಳಿ ಟೊಪ್ಪಿ ಹಾಕಿ ನಿಲ್ಲುತ್ತಿದ್ದವನು ಉಡುಪಿಯ ಜೋಸ್ಟನ್. ಬೆಂದದ್ದನ್ನು ಎರಡು ಕತ್ತಿಯಲ್ಲಿ ತಾಳ ಹಾಕುತ್ತ ಕೊಚ್ಚುವಾಗ ಗಿರಾಕಿಗಳು ಮೊಬೈಲ್ ಹಿಡಿಯುತ್ತಿದ್ದರು. ಅಂಥದ್ದೊಂದು ವೀಡಿಯೊದಲ್ಲಿ ಅವನು, “ಸುತ್ತುವುದರಿಂದ ಸುಡುವವರೆಗೆ ಎಲ್ಲ ನನ್ನ ಕೈಯದ್ದೇ. ಹಿಂದೆ ಒಬ್ಬ ಇದ್ದಾನೆ, ಬರೇ ತೊಳೆಯುವವ” ಎಂದುಬಿಟ್ಟ. ವೀಡಿಯೊ ಊರು ಮುಟ್ಟಿತು.

“ಬರೇ ತೊಳೆಯುದಾ ಮೋನೆ?” ಉಮ್ಮ ಫೋನಿನಲ್ಲಿ ಕೇಳಿದ್ದು ಅಷ್ಟೇ. ಅಫ್ವಾನ್ ಆ ರಾತ್ರಿ ವೀಡಿಯೊವನ್ನು ಮೂರು ಸಲ ನೋಡಿದ.

ಅಷ್ಟರಲ್ಲಿ, ಹಿಂಬದಿಗೆ ಎಂದೂ ಕಾಲಿಡದ ಮಾಲೀಕ ಅರ್ಬಾಬ್ ನಿಜ್ವಾ ಪಟ್ಟಣದಲ್ಲಿ ಎರಡನೆಯ ಅಂಗಡಿ ತೆರೆಯುವ ಸುದ್ದಿ ಬಂತು. ಶುಕ್ರವಾರ ತಮ್ಮಂದಿರೊಡನೆ ಬಂದು ಕೊಕೊರೆಚ್ ತಿಂದು, ಅಲ್ಲಿಗೆ ಯಾರು ಮುಖ್ಯಸ್ಥ ಎಂದು ಹೇಳುತ್ತಾನಂತೆ. ಅಫ್ವಾನನಿಗೂ ಆಸೆಯಿತ್ತು.

“ಅಲ್ಲಿ ತೊಳೀಲಿಕ್ಕೂ ಜನ ಬೇಕಲ್ಲ ಮಾರಾಯ, ನಿನ್ನನ್ನೂ ಕರ್ಕೊಂಡು ಹೋಗ್ತೇನೆ,” ಎಂದ ಜೋಸ್ಟನ್.

ಶುಕ್ರವಾರ ಅಫ್ವಾನ್ ಕರುಳಿನ ತುದಿಯನ್ನು ತೂರಿಸಲಿಲ್ಲ. ಕೊಬ್ಬು ಸವರಿ ಮೇಲ್ಮೇಲೆ ಅಂಟಿಸಿಬಿಟ್ಟ. ಅವನ ಲೆಕ್ಕಾಚಾರ ಸಲೀಸಾಗಿತ್ತು: ಅದು ಬಿಚ್ಚಬೇಕು, ಜೋಸ್ಟನ್ ಬೆಪ್ಪಾಗಬೇಕು, ತಾನು ಸಿನಿಮಾದ ಹೀರೊನಂತೆ ಬಂದು ಸುತ್ತಬೇಕು.

ಕೊಬ್ಬು ಕರಗಿತು. ಅರ್ಬಾಬನ ಕಣ್ಣೆದುರೇ ಜೋಸ್ಟನ್ ಸರಳು ತಿರುಗಿಸಿದ್ದೇ ತಡ, ಕರುಳು ಸರಸರ ಬಿಚ್ಚಿ ಕೆಂಡಕ್ಕಿಳಿಯಿತು. ಹಿಂದೆಯೇ ಗುಂಡಿಗೆಯ ತುಂಡುಗಳು ಉದುರಿದವು.

“ತುಮ್ ಬನಾತಾ ನಾ? ಫಿರ್ ಬಾಂಧೋ, ಯಲ್ಲಾ!” ನೀನೇ ಮಾಡುವುದಲ್ಲವೇ, ಬೇಗ ಮತ್ತೆ ಸುತ್ತು ಎಂದು ಅರ್ಬಾಬ್ ಅವಸರಿಸಿದ.

ಜೋಸ್ಟನ್ ಇನ್ನೊಂದು ಕರುಳು ಹಿಡಿದು ಹೆಣಗಿದ. ಅದು ಹಾವುಮೀನಿನಂತೆ ಜಾರುತ್ತಿತ್ತು. “ಅಫ್ವಾನ್, ದಮ್ಮಯ್ಯ, ಒಮ್ಮೆ ಸುತ್ತಿ ಕೊಡು ಮಾರಾಯ!”

ಅಫ್ವಾನ್ ಬಾಗಿಲಿಗೆ ಒರಗಿ ನಿಂತಿದ್ದ. ಬೇಡಿಸಿಕೊಳ್ಳುವ ಆ ರುಚಿಯನ್ನು ಬೇಗ ಮುಗಿಸಲು ಮನಸ್ಸಾಗಲಿಲ್ಲ. ಅರ್ಬಾಬನಿಗೂ ಕೇಳಲೆಂದು ಹಿಂದಿಯಲ್ಲೇ ಹೇಳಿದ: “ಮೈ ತೋ ಸಿರ್ಫ್ ಧೋನೇವಾಲಾ ಹೂಂ, ಜೋಸ್ಟನ್ ಭಾಯ್. ಮುಝೇ ಕ್ಯಾ ಮಾಲೂಮ್?”

ತಾನು ಬರೇ ತೊಳೆಯುವವ, ತನಗೇನು ಗೊತ್ತು ಎಂಬ ಆ ಮಾತನ್ನು ಅರ್ಬಾಬ್ ಅಕ್ಷರಶಃ ನಂಬಿದ. ಇವನಿಗೂ ಬರುವುದಿಲ್ಲ, ಅವನಿಗೂ ಬರುವುದಿಲ್ಲ. “ಖಲಾಸ್! ಕೊಕೊರೆಚ್ ಬಂದ್.” ಅಫ್ವಾನ್ ಬಾಯಿ ತೆರೆಯುವಷ್ಟರಲ್ಲಿ ಗಾಡಿ ಹೊರಟಿತ್ತು. ನಿಜ್ವಾಕ್ಕೆ ಮಸ್ಕತ್ತಿನಿಂದ ಯಾರೋ ಶವರ್ಮಾದವನು ಬಂದ.

ಈಗ ಇಬ್ಬರೂ ಹಿಂಬದಿಯಲ್ಲಿ ಎದುರುಬದುರು ಕೂತು ನೀರುಳ್ಳಿ ಸುಲಿಯುತ್ತಾರೆ.

“ನಿನಗಾದ್ರೂ ಎಂತ ಸಿಕ್ಕಿತು ಮಾರಾಯ?” ಒಂದು ದಿನ ಜೋಸ್ಟನ್ ಕಣ್ಣೊರೆಸುತ್ತ ಕೇಳಿದ.

“ನಿಮಗೆ ಸಿಗ್ಲಿಲ್ಲ ಅಲ್ವಾ,” ಎಂದ ಅಫ್ವಾನ್, ದೊಡ್ಡ ಗೋಣಿಯನ್ನು ಕಾಲಿನಿಂದ ಅವನತ್ತ ತಳ್ಳುತ್ತ.