ಅಣಶಿ ರಸ್ತೆಯಲ್ಲಿ ಬಾಣಂತನ

ಹಾಸ್ಟೆಲ್ ಗೋಡೆಪತ್ರಿಕೆಯ ಗೆಳತಿಯರೇ, ಇಂದು ಪ್ರಾಣಿ ನೋಡಲು ಅಣಶಿ ಕಾಡಿಗೆ ಬಾರದವರು ಒಂದು ಚಂದದ ಜಗಳ ಕಳೆದುಕೊಂಡಿರಿ. ರಸ್ತೆಯ ನಡುವೆ ಕಾಡೆಮ್ಮೆಯೊಂದು ಆಗಷ್ಟೇ ಈದು ನಿಂತಿತ್ತು. ಕರು ಏಳುತ್ತಿತ್ತು, ಬೀಳುತ್ತಿತ್ತು. ನಮ್ಮ ಜೀಪಿನ ಹಿಂದೆ ಬಂದ ಬಿದಿರಿನ ಲಾರಿಯವನು ಬಿಡದೆ ಹಾರ್ನ್ ಒತ್ತಿದ. ತಾಯಿ ತಲೆ ತಗ್ಗಿಸಿ ನಮ್ಮತ್ತ ತಿರುಗಿತು. ನಾವೆಲ್ಲ ಜೀಪಿನಲ್ಲೇ ಕೂತೆವು. ಹಳಿಯಾಳದ ನಮ್ಮ ರೋಜಿ ಮಾತ್ರ ಮೆಲ್ಲಗೆ ಹಿಂದಿನಿಂದ ಇಳಿದು ಲಾರಿಯ ಹತ್ತಿರ ಹೋದಳು.

“ಅಣ್ಣಾರ, ನಿಮ್ಮ ಮನ್ಯಾಗ ಬಾಣಂತಿ ಇದ್ರೂ ಹಿಂಗ ಹಾರ್ನ್ ಹೊಡೀತೀರೇನ್ರಿ?”

ಅವನು ಎಂಜಿನ್ನನ್ನೇ ಆರಿಸಿಬಿಟ್ಟ. ಎಂಥ ಎದೆಗಾರಿಕೆ ಈ ಹುಡುಗಿಯದು! ಕರು ಕಾಲೂರಿ, ತಾಯಿಯ ಹಿಂದೆ ಕಾಡು ಸೇರಿತು. ಆಗ ಅವನು ತಲೆ ಹೊರಹಾಕಿ ಕೇಳಿದ: “ಕೂಸು ಗಂಡೋ ಹೆಣ್ಣೋ, ತಂಗಿ?”

“ನೀವ ಹೋಗಿ ಕೇಳಿ ಬರ್ರಿ, ನಾ ಲಾರಿ ಕಾಯ್ತೇನಿ,” ಎಂದಳು ರೋಜಿ.