ಅಶ್ವತ್ಥಪ್ಪ ಮೇಷ್ಟ್ರು ಬರೆದ ವಯಸ್ಸು

ಶ್ರೀನಿವಾಸಪುರದಲ್ಲಿ ಅಶ್ವತ್ಥಪ್ಪ ಮೇಷ್ಟ್ರನ್ನು ಅರಿಯದವರು ಯಾರಿದ್ದಾರೆ ಹೇಳಿ! ಬಸ್ ಸ್ಟ್ಯಾಂಡಿನಿಂದ ಮನೆಗೆ ಹತ್ತು ನಿಮಿಷದ ದಾರಿ, ಅವರಿಗೆ ಮಾತ್ರ ಮುಕ್ಕಾಲು ಗಂಟೆ ಬೇಕು. ಹೂವಿನವನು ಕೈ ಮುಗಿಯುತ್ತಾನೆ, ಮೆಡಿಕಲ್ ಶಾಪಿನವನು ಎದ್ದು ನಿಲ್ಲುತ್ತಾನೆ, ಪೊಲೀಸಿನವನೂ ಬೈಕ್ ನಿಲ್ಲಿಸಿ "ಚೆನ್ನಾಗಿದೀರಾ ಮೇಷ್ಟ್ರೇ" ಅನ್ನುತ್ತಾನೆ. ಮೂವತ್ತನಾಲ್ಕು ವರ್ಷ ಪ್ರೈಮರಿ ಶಾಲೆಗಳಲ್ಲಿ ದುಡಿದು, ಹೆಡ್ಮೇಷ್ಟ್ರಾಗಿ ನಿವೃತ್ತರಾದ ಜೀವ. ಹುಟ್ಟಿದ್ದು ಹುತ್ತೂರಿನ ಪಕ್ಕದ ಹಳ್ಳಿ. ಮೊದಲ ನೌಕರಿ ಮಾಲೂರಿನ ಇಟ್ಟಿಗೆ ಗೂಡುಗಳ ನಡುವಿನ ಶಾಲೆ, ಆಮೇಲೆ ಮುಳಬಾಗಿಲು, ಕೊನೆಯ ಹನ್ನೊಂದು ವರ್ಷ ಇಲ್ಲಿ.

ಆ ಇಟ್ಟಿಗೆ ಗೂಡುಗಳಲ್ಲೇ ಅವರು ಒಂದು ವಿದ್ಯೆ ಕಲಿತರು. ಹಸಿ ಇಟ್ಟಿಗೆ ಹೊರುತ್ತಿದ್ದ ಮಕ್ಕಳನ್ನು ಸೈಕಲ್ಲಿನ ಹಿಂದೆ ಮುಂದೆ ಕೂರಿಸಿಕೊಂಡು ಶಾಲೆಗೆ ತರುತ್ತಿದ್ದರು. ಹುಟ್ಟಿದ ದಿನ ಯಾವುದಮ್ಮ ಎಂದು ಕೇಳಿದರೆ ತಾಯಿ, "ಆಲಿಕಲ್ಲು ಮಳೆ ಬಿತ್ತಲ್ಲ ಸಾಮಿ, ಅದಾದ ಮೇಲೆ" ಅನ್ನುತ್ತಿದ್ದಳು. ಇದನ್ನು ದಾಖಲಾತಿ ಪುಸ್ತಕದಲ್ಲಿ ಹೇಗೆ ಬರೆಯುವುದು? ಹಾಗಾಗಿ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವುದು. ಬೆರಳಿಗೆ ಕಿವಿ ಸಿಕ್ಕಿತೋ, ಒಂದನೇ ಕ್ಲಾಸಿಗೆ ವಯಸ್ಸಾಯಿತು. ಹುಟ್ಟಿದ ದಿನ ಜೂನ್ ಒಂದು. ಶಾಲೆ ತೆರೆಯುವ ದಿನ ಜೂನ್ ಒಂದು, ಹುಟ್ಟಿದ ದಿನವೂ ಜೂನ್ ಒಂದು! ವಯಸ್ಸು ನಾಲ್ಕಾರು ತಿಂಗಳು ಸಾಲದ ಮಗುವಿಗೂ ಅದೇ. ಮೇಷ್ಟ್ರು ಸೇರಿಸಿಕೊಂಡ ಮಕ್ಕಳೆಲ್ಲ ಹುಟ್ಟುಹಬ್ಬ ಮಾಡಿಕೊಂಡರೆ ಜಿಲ್ಲೆಯ ಬೇಕರಿಗಳಲ್ಲಿ ಕೇಕು ಸಾಲುವುದಿಲ್ಲ ಎಂದು ಜೊತೆಯ ಶಿಕ್ಷಕರು ರೇಗಿಸುತ್ತಿದ್ದರು. ಮೇಷ್ಟ್ರೂ ನಗುತ್ತಿದ್ದರು. ಅವರು ಹಾಗೆ ಬರೆಯದೇ ಹೋಗಿದ್ದರೆ ಎಷ್ಟೋ ಮಕ್ಕಳು ಗೂಡಿನಲ್ಲೇ ಉಳಿಯುತ್ತಿದ್ದವು. ಅದರಲ್ಲಿ ಅವರನ್ನು ಬೈಯುವ ಬಾಯಿ ನನಗಿಲ್ಲ.

ಬೈಯಬೇಕಾದ್ದು ಮೊಮ್ಮಗ ಗೋಪಿಯ ವಿಷಯದಲ್ಲಿ. ಅವನೇನು ಗೂಡಿನ ಮಗುವೇ? ಸರ್ಕಾರಿ ಆಸ್ಪತ್ರೆಯಲ್ಲಿ ನವೆಂಬರ್ ಹನ್ನೆರಡಕ್ಕೆ ಹುಟ್ಟಿದವನು, ಚೀಟಿ ಸಮೇತ. ಆದರೆ ಮೇಷ್ಟ್ರಿಗೆ ನಿವೃತ್ತಿಗೆ ಇನ್ನೊಂದೇ ವರ್ಷವಿತ್ತು. ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿ ಸ್ವಂತ ಮೊಮ್ಮಗನಿಗೆ ತಿದ್ದಿಸದಿದ್ದರೆ ಹೇಗೆ? ಅದೊಂದು ಆಸೆ ತಲೆಗೆ ಹತ್ತಿ ಕೂತಿತು. ಗೋಪಿಗೆ ಆಗ ನಾಲ್ಕು ವರ್ಷ ಏಳು ತಿಂಗಳು. ಬೆರಳು ಕಿವಿಯ ಹತ್ತಿರಕ್ಕೂ ಬರಲಿಲ್ಲ. ತಾತ ಮೆಲ್ಲಗೆ ಮಗುವಿನ ತಲೆಯನ್ನೇ ವಾಲಿಸಿ ಮುಟ್ಟಿಸಿದರು, ಪಕ್ಕದ ಟೀಚರಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಪುಸ್ತಕದಲ್ಲಿ ಕೈ ರೂಢಿಯಂತೆ ಜೂನ್ ಒಂದು ಎಂದೇ ಬರೆಯಿತು, ವರ್ಷ ಹಿಂದಕ್ಕೆ ಸರಿಯಿತು. ಒಂದೇ ಗೆರೆಯಲ್ಲಿ ಮಗು ಹದಿನೇಳು ತಿಂಗಳು ದೊಡ್ಡವನಾದ. ಆಮೇಲೆ ಅದೇ ದಿನಾಂಕ ಆಧಾರ್ ಕಾರ್ಡಿಗೂ ಹೋಯಿತು.

ಹನ್ನೆರಡು ವರ್ಷ ಅದರಿಂದ ಯಾರಿಗೂ ಏನೂ ಆಗಲಿಲ್ಲ. ಗೋಪಿ ಓದಿನಲ್ಲಿ ಅಷ್ಟಕ್ಕಷ್ಟೇ, ಕಾಲಿನಲ್ಲಿ ಮಾತ್ರ ಭಾರೀ ಚುರುಕು. ಅವನ ಅಪ್ಪ, ಮೇಷ್ಟ್ರ ಮಗ ಕದಿರೇಶ್, ಮಾವಿನ ಮಂಡಿಯಲ್ಲಿ ಗುಮಾಸ್ತ. ಹಣ್ಣಿನ ಸುಗ್ಗಿ ಮುಗಿದರೆ ಆ ದೊಡ್ಡ ಶೆಡ್ಡು ಒಂಬತ್ತು ತಿಂಗಳು ಖಾಲಿ, ಕೆಳಗೆ ನುಣ್ಣನೆಯ ಸಿಮೆಂಟು ನೆಲ. ಹಣ್ಣು ಮಾಗಿಸಿದ ಹುಲ್ಲನ್ನು ಗುಡಿಸಿ ಹಾಕಿ, ಅಲ್ಲಿ ಹುಡುಗರು ಚಕ್ರದ ಬೂಟು ಕಟ್ಟುತ್ತಿದ್ದರು. ಕೋಲಾರದಿಂದ ಮೇಘನ ಎನ್ನುವ ಹುಡುಗಿ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬಂದು ಕಲಿಸುತ್ತಿದ್ದಳು. ಓಟದ ಸ್ಕೇಟಿಂಗ್ ಅಲ್ಲ, ಫಿಗರ್ ಸ್ಕೇಟಿಂಗ್. ಹಾಡಿಗೆ ತಕ್ಕಂತೆ ಜಾರುತ್ತಾ, ಗಿರ್ರನೆ ಸುತ್ತುತ್ತಾ, ಗಾಳಿಗೆ ಹಾರಿ ಒಂಟಿ ಕಾಲಲ್ಲಿ ಇಳಿಯುವ ಆಟ. ಬೇರೆ ದೇಶದವರು ಮಂಜುಗಡ್ಡೆಯ ಮೇಲೆ ಮಾಡುವುದನ್ನು ನಮ್ಮ ಹುಡುಗರು ಮಂಡಿಯ ನೆಲದ ಮೇಲೆ ಮಾಡುತ್ತಿದ್ದರು. ಹೋದ ವರ್ಷ ರಾಜ್ಯ ಮಟ್ಟದ ಜೂನಿಯರ್ ಹುಡುಗರಲ್ಲಿ ಗೋಪಿಗೆ ಮೂರನೇ ಸ್ಥಾನ. ಮೇಲಿನ ಇಬ್ಬರೂ ಈ ವರ್ಷ ಸೀನಿಯರ್‌ಗೆ ಹೋಗುವವರು. ಅಂದರೆ ಈ ಸಲ ಮೊದಲನೆಯವನು ಇವನೇ, ರಾಷ್ಟ್ರ ಮಟ್ಟಕ್ಕೂ ಇವನೇ. ಮನೆಯಲ್ಲಿ ಎಲ್ಲರೂ ಹಾಗೇ ಅಂದುಕೊಂಡಿದ್ದರು.

ಜುಲೈ ತಿಂಗಳಲ್ಲಿ ಡಿಸೆಂಬರಿನ ರಾಜ್ಯ ಸ್ಕೇಟಿಂಗ್ ಕೂಟದ ಸೂಚನೆ ಬಂತು. ಜುಲೈ ಒಂದಕ್ಕೆ ಹದಿನೆಂಟು ತುಂಬಿದವರು ಸೀನಿಯರ್. ಗೋಪಿಗೆ ನಿಜವಾಗಿ ಹದಿನಾರು ವರ್ಷ ಏಳು ತಿಂಗಳು. ಕಾಗದದಲ್ಲಿ ಹದಿನೆಂಟು ವರ್ಷ ಒಂದು ತಿಂಗಳು. ಒಂದೇ ಒಂದು ತಿಂಗಳು ಹೆಚ್ಚು! ಬರೆಯುವವರು ಆಗಸ್ಟ್ ಎಂದು ಬರೆದಿದ್ದರೂ ಸಾಕಿತ್ತು.

ಮೇಘನ ಮಂಡಿಯ ಕಟ್ಟೆಯ ಮೇಲೆ ಮೇಷ್ಟ್ರನ್ನು ಕೂರಿಸಿಕೊಂಡು ಕೇಳಿಯೇಬಿಟ್ಟಳು. "ನವೆಂಬರ್‌ನಲ್ಲಿ ನಿಮ್ಮ ಸೊಸೆ ಆದಿಲಕ್ಷ್ಮಕ್ಕ ನಮಗೆಲ್ಲ ಕೇಸರಿಬಾತ್ ಕೊಡ್ತಾರೆ, ಗೋಪಿ ಹುಟ್ಟಿದಬ್ಬ ಅಂತ. ಕಾರ್ಡ್‌ನಲ್ಲಿ ಜೂನ್ ಯಾಕಿದೆ ಮೇಷ್ಟ್ರೇ?"

ಮೇಷ್ಟ್ರು ಹೇಳಿದರು. ಸ್ವಲ್ಪ ನಗುತ್ತಲೇ ಹೇಳಿದರು. ಅವಳು ನಗಲಿಲ್ಲ.

"ಒಂದೇ ವರ್ಷದಲ್ಲಿ ನಾಲ್ಕು ಇಂಚು ಎತ್ತರ ಆಗಿದಾನೆ. ಮೊಣಕಾಲ ಕೆಳಗೆ ಮುಟ್ಟಿದ್ರೆ ಅಮ್ಮಾ ಅಂತಾನೆ. ಬೆಳೀತಿರೋ ಮೂಳೆ ಅದು, ಇನ್ನೂ ಗಟ್ಟಿಯಾಗಿಲ್ಲ. ಹೋದ ವರ್ಷ ಬರ್ತಿದ್ದ ಜಂಪ್‌ಗಳು ಈಗ ಬರ್ತಿಲ್ಲ, ಮೈ ಹೊಸದಾಗಿ ಹೊಂದ್ಕೋಬೇಕು. ಸೀನಿಯರ್‌ನಲ್ಲಿ ಇಪ್ಪತ್ತೆರಡು, ಇಪ್ಪತ್ತನಾಲ್ಕು ವರ್ಷದ ಗಂಡಸ್ರು ಇರ್ತಾರೆ. ಆಡೋ ಹೊತ್ತೂ ಜಾಸ್ತಿ, ಒಂದರ ಹಿಂದೊಂದು ಡಬಲ್ ಜಂಪ್, ಗಾಳೀಲೇ ಎರಡು ಸುತ್ತು ಬೇಕು. ಹುಡುಗ್ರನ್ನ ಮೇಲಕ್ಕೆ ಕಳಿಸ್ಬೇಕಾದ್ರೆ ಮೈ ನೋಡಿ ಕಳಿಸ್ಬೇಕು ಮೇಷ್ಟ್ರೇ. ಜನ್ಮ ದಿನಾಂಕ ಸರಿ ಮಾಡ್ಸಿ. ಅಷ್ಟರಲ್ಲಿ ಆಗ್ಲಿಲ್ವಾ, ಈ ವರ್ಷ ಯಾವ ಕಾಂಪಿಟೇಶನ್ನೂ ಬೇಡ, ಸುಮ್ನೆ ಕೂತ್ಕೊಳ್ಲಿ. ಮುಂದಿನ ವರ್ಷವೂ ಅವನು ಜೂನಿಯರ್ರೇ ಅಲ್ವಾ, ನಿಜವಾದ ಲೆಕ್ಕದಲ್ಲಿ?"

ಮೇಷ್ಟ್ರು ಮರುದಿನವೇ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋದರು. ಅಲ್ಲಿನ ಗುಮಾಸ್ತ ಅನಿಲ್‌ಕುಮಾರ್ ಅವರದೇ ಶಿಷ್ಯ. ಕುರ್ಚಿ ಒರೆಸಿ ಕೂರಿಸಿದ, ಟೀ ತರಿಸಿದ, ವಿಷಯ ಕೇಳಿ ತಲೆ ಕೆರೆದುಕೊಂಡ.

"ಎಸ್ಸೆಸ್ಸೆಲ್ಸಿ ಆದ್ಮೇಲೆ ನಮ್ ಕೈಲಿಲ್ಲ ಮೇಷ್ಟ್ರೇ. ಕೋರ್ಟಿಗೆ ಹೋಗ್ಬೇಕು. ಆಸ್ಪತ್ರೆ ಚೀಟಿ ಇದ್ಯಲ್ಲ, ಆಗ್ತದೆ. ಡಿಸೆಂಬರ್‌ಗೆ ಆಗ್ದಿದ್ರೂ ಮುಂದಿನ ವರ್ಷಕ್ಕಂತೂ ಆಗ್ತದೆ. ಆದ್ರೆ..." ಅವನು ದನಿ ತಗ್ಗಿಸಿದ. "ಸೇರಿಸ್ಕೊಂಡ ಹೆಡ್ಮೇಷ್ಟ್ರು ಬಂದು, ಗೊತ್ತಿದ್ದೂ ತಪ್ಪು ಬರ್ದೆ ಅಂತ ಹೇಳಿಕೆ ಕೊಟ್ರೆ ಬೇಗ ಆಗೋದು. ಅದು ನೀವೇ ಅಲ್ವಾ."

ಮೇಷ್ಟ್ರು ಟೀ ಲೋಟ ಮೇಜಿನ ಮೇಲಿಟ್ಟು ಎದ್ದರು. ಶ್ರೀನಿವಾಸಪುರದ ಕೋರ್ಟು. ಅಲ್ಲಿನ ವಕೀಲರಲ್ಲಿ ಇಬ್ಬರು ಶಿಷ್ಯರು, ಬಾಗಿಲಲ್ಲಿ ಹೆಸರು ಕೂಗುವವನೂ ಶಿಷ್ಯ. ಅವರೆಲ್ಲರ ಮುಂದೆ ಕಟಕಟೆಯಲ್ಲಿ ನಿಂತು, ನಾನು ಸುಳ್ಳು ಬರೆದವನು ಎನ್ನುವುದೇ? ಉತ್ತಮ ಶಿಕ್ಷಕ ಎಂದು ಜಿಲ್ಲೆಯಲ್ಲಿ ಶಾಲು ಹೊದಿಸಿಕೊಂಡವನು? ನಾಳೆ ಬಸ್ ಸ್ಟ್ಯಾಂಡಿನಲ್ಲಿ ಜನ ಕೈ ಮುಗಿಯುತ್ತಾರೋ, ಬಾಯಿ ಮುಚ್ಚಿಕೊಂಡು ನಗುತ್ತಾರೋ? ಮನೆ ತಲುಪುವಷ್ಟರಲ್ಲಿ ಆ ಮನುಷ್ಯ ತೀರ್ಮಾನ ಮಾಡಿಯಾಗಿತ್ತು.

"ವಿಚಾರಿಸ್ದೆ. ಆಗಲ್ವಂತೆ," ಎಂದರು ಅಂಗಳದಲ್ಲೇ ನಿಂತು.

ಅಷ್ಟೇ. ಎರಡು ಮಾತು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ನಿಜ ಹೇಳಿ ಎಂದು ಕೋಲು ತೋರಿಸಿದ ಬಾಯಿಂದ ಬಂದದ್ದು!

ಸೊಸೆ ಆದಿಲಕ್ಷ್ಮಿ ಸೊಪ್ಪು ಬಿಡಿಸುತ್ತಿದ್ದಳು. "ಹಂಗಾದ್ರೆ ಈ ವರ್ಷ ಬಿಟ್ಬಿಡ್ಲಿ ಮಾವ. ಮಿಸ್ಸೂ ಅದೇ ಅಂದ್ರು. ಮೆಟ್ಲು ಇಳೀವಾಗ ಮೊಣಕಾಲು ಹಿಡ್ಕೊಂತಾನೆ, ನೋಡಕ್ಕಾಗಲ್ಲ."

ವರ್ಷ ಬಿಟ್ಟರೆ ಯಾಕೆ ಬಿಟ್ಟ ಎಂದು ಜನ ಕೇಳುತ್ತಾರೆ. ಕೇಳಿದರೆ ಜೂನ್ ಒಂದರ ಕತೆ ಹೊರಗೆ ಬರುತ್ತದೆ. ಮೇಷ್ಟ್ರು ರೇಗಿದರು. "ನನಗಿಂತ ಹೆಚ್ಚು ಮಕ್ಕಳನ್ನ ನೋಡಿದಾಳೇನಮ್ಮ ಆ ಹುಡುಗಿ? ಸೀನಿಯರ್ ಅಂದ್ರೆ ಬಡ್ತಿ ಕಣಮ್ಮ. ದೊಡ್ಡೋರ ಜೊತೆ ಆಡಿದ್ರೇನೇ ಧೈರ್ಯ ಬರೋದು."

ಗೋಪಿ ಬಾಗಿಲಿಗೆ ಒರಗಿ ನಿಂತಿದ್ದ. ಆ ವಯಸ್ಸಿನ ಹುಡುಗರಿಗೆ ಸೀನಿಯರ್ ಎನ್ನುವ ಮಾತೇ ಸಿಹಿ. ಆದರೂ ಅವನ ಮುಖದಲ್ಲಿ ಅಳುಕಿತ್ತು. "ತಾತ, ನೀವೇನಂತೀರಿ? ಹೋಗ್ಲಾ?"

"ಹೋಗು ನಾಯನ. ನಾನಿದೀನಿ," ಎಂದರು ಮೇಷ್ಟ್ರು.

ಮೇಘನ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದಳು. ಆಮೇಲೆ, "ನಿಮ್ಮ ಹುಡುಗ, ನಿಮ್ಮಿಷ್ಟ" ಎಂದು ಕಲಿಸಲು ನಿಂತಳು. ಆ ಐದು ತಿಂಗಳು ಮೇಷ್ಟ್ರಿಗೆ ಊಟ ರುಚಿಸಲಿಲ್ಲ. ಮಂಡಿಯ ಕಟ್ಟೆಯಲ್ಲಿ ಕೂತು ನೋಡುವರು. ಗೋಪಿ ಹಾರುವಾಗೆಲ್ಲ ಮುಖ ಆಚೆ ತಿರುಗಿಸುವರು. ಎರಡು ಸಲ ಕೋರ್ಟಿನ ಗೇಟಿನ ತನಕ ಹೋದರು. ಒಂದು ಸಲ ಯಾರೋ "ನಮಸ್ಕಾರ ಮೇಷ್ಟ್ರೇ" ಎಂದರು, ವಾಪಸ್ಸು ಬಂದರು. ಇನ್ನೊಂದು ಸಲ ಯಾರೂ ಮಾತಾಡಿಸಲಿಲ್ಲ, ಆದರೂ ವಾಪಸ್ಸು ಬಂದರು. ಥೂ, ಎಂಥಾ ಮಾನವೋ ಅದು!

ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕೂಟ. ಮೊಮ್ಮಗನ ಜೊತೆ ಮೇಷ್ಟ್ರು ಹೋದರು, ಮೇಘನ ಹೋದಳು. ಸೀನಿಯರ್ ಸಾಲು ನೋಡಿಯೇ ಮೇಷ್ಟ್ರು ನಿಂತಲ್ಲೇ ನಿಂತರು. ಗಡ್ಡ ಬಿಟ್ಟವರು, ತೊಡೆ ತೋಳು ತುಂಬಿದವರು, ಒಬ್ಬನಂತೂ ಹೆಂಡತಿಯನ್ನೇ ಕರೆದುಕೊಂಡು ಬಂದಿದ್ದ. ಅವರ ನಡುವೆ ಗೋಪಿ, ಮೊನ್ನೆ ಮೊನ್ನೆ ಚಿಗುರಿದ ಮೀಸೆ, ಉದ್ದಕ್ಕೆ ಬೆಳೆದ ಸಣಕಲು ಕಾಲು, ತೊಟ್ಟ ನೀಲಿ ಅಂಗಿ ಮೈಯಲ್ಲಿ ಜೋಲುತ್ತಿತ್ತು. ಬೇಡ ಬಾ ನಾಯನ, ಮನೆಗೆ ಹೋಗೋಣ ಎನ್ನುವ ಮಾತು ಬಾಯಿಯ ತನಕ ಬಂತು. ನುಂಗಿಕೊಂಡರು.

ಹಾಡು ಶುರುವಾಯಿತು. ಮೊದಲ ಎರಡು ನಿಮಿಷ ಹುಡುಗ ಎಷ್ಟು ಚೆಂದ ಆಡಿದ ಅಂತೀರಿ! ಎರಡು ಜಂಪ್ ಹಾರಿ, ಒಂಟಿ ಕಾಲಲ್ಲಿ ಇಳಿದು, ಕೈ ಚಾಚಿ ಜಾರಿದಾಗ ಆಚೆ ಊರಿನವರೂ ಚಪ್ಪಾಳೆ ಹೊಡೆದರು. ಜೂನಿಯರ್ ಆಗಿದ್ದರೆ ಅಲ್ಲಿಗೆ ಆಟ ಮುಗಿಯುವ ಹೊತ್ತು. ಸೀನಿಯರ್‌ಗೆ ಇನ್ನೂ ಬಾಕಿ ಇತ್ತು. ಬಾಯಲ್ಲಿ ಉಸಿರಾಡತೊಡಗಿದ. ಮೂರನೇ ಜಂಪಿಗೆಂದು ಎಡಗಾಲು ಊರಿ ಮೈಯನ್ನು ಮೇಲಕ್ಕೆಸೆದ. ಏನೋ ಲಟಕ್ಕೆಂದಿತು, ಹಾಡಿನ ನಡುವೆಯೂ ಕೇಳಿಸಿತು. ಗಾಳಿಯಿಂದ ಮುದ್ದೆಯಾಗಿ ಬಿದ್ದವನು ಏಳಲಿಲ್ಲ. "ಅಮ್ಮಾ" ಎಂದು ಒಂದೇ ಸಲ ಕೂಗಿದ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಗೋಪಿಯ ಆಧಾರ್ ಕಾರ್ಡು ನೋಡಿದರು, ಮತ್ತೆ ಎಕ್ಸ್‌ರೇ ನೋಡಿದರು.

"ಮೊಣಕಾಲಿನ ಕೆಳಗೆ ಮೂಳೆಯ ತುಣುಕು ಕಿತ್ತು ಬಂದಿದೆ. ಬೆಳೆಯೋ ಮಕ್ಕಳಲ್ಲಿ ಆಗೋದು ಇದು, ಮೂಳೆ ಬೆಳೆಯೋ ಈ ಗೆರೆ ಕೂಡಿಕೊಳ್ಳೋ ಮೊದಲು. ಕಾರ್ಡ್ ಪ್ರಕಾರ ಹದಿನೆಂಟೂವರೆ. ಮೂಳೆ ಹಾಗೆ ಹೇಳ್ತಿಲ್ಲ. ಯಾವುದು ಸರಿ?"

"ಮೂಳೆ," ಎಂದರು ಮೇಷ್ಟ್ರು.

"ಈಗಲೇ ಆಪರೇಷನ್ ಮಾಡಿ ಸ್ಕ್ರೂ ಹಾಕಬೇಕು. ಒಂದು ವರ್ಷ ಹಾರೋದು ಇಲ್ಲ. ಆಮೇಲೂ ಮೊದಲಿನ ಹಾಗೆ ಹಾರ್ತಾನೆ ಅಂತ ನಾನು ಮಾತು ಕೊಡಲ್ಲ," ಎಂದು ಡಾಕ್ಟರು ಹೊರಟುಹೋದರು.

ಮೇಘನಳ ಕಣ್ಣು ಕೆಂಪಾಗಿತ್ತು. "ಒಂದು ವರ್ಷ ಕೂರ್ಸಿ ಅಂತ ಕಾಲಿಗೆ ಬಿದ್ದ ಹಂಗೆ ಕೇಳ್ದೆ. ದಾಖಲೆ ಸರಿ ಮಾಡ್ಸೋಕೆ ಆಗೋದೇ ಇಲ್ಲ ಅಂದ್ರಲ್ಲ ಮೇಷ್ಟ್ರೇ? ನಿಜವಾಗ್ಲೂ ಹಾಗಂದ್ರಾ ಆಫೀಸಲ್ಲಿ?"

ಮಂಚದ ಮೇಲೆ ಗೋಪಿ ಕಣ್ಣು ತೆರೆದುಕೊಂಡೇ ಮಲಗಿದ್ದ. ಮೇಷ್ಟ್ರು ಅವನ ಕಡೆ ನೋಡಿದರು. ಇನ್ನು ಮುಚ್ಚಿಟ್ಟು ಯಾರ ಮಾನ ಉಳಿಸಬೇಕಾಗಿತ್ತು?

"ಆಗ್ತದೆ ಅಂದ್ರು ತಾಯಿ. ನಾನು ಕೋರ್ಟಲ್ಲಿ ನಿಂತು ತಪ್ಪು ಒಪ್ಕೋಬೇಕಾಗಿತ್ತು. ನಾಚಿಕೆ ಆಯ್ತು. ಮನೇಲಿ ಸುಳ್ಳು ಹೇಳ್ದೆ."

ಅಷ್ಟರಲ್ಲಿ ನರ್ಸ್ ಕಾಗದ ಹಿಡಿದು ಬಂದಳು, ಆಪರೇಷನ್‌ಗೆ ಒಪ್ಪಿಗೆಯ ಸಹಿ ಬೇಕಂತೆ. ಆದಿಲಕ್ಷ್ಮಿ, ಕದಿರೇಶ್ ಇನ್ನೂ ಬಸ್ಸಿನಲ್ಲಿದ್ದರು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಕೈ ಚಾಚಿದರು.

"ನೀವಲ್ಲ ಅಜ್ಜ. ಹದಿನೆಂಟು ತುಂಬಿದೆಯಲ್ಲ, ಪೇಷೆಂಟೇ ಹಾಕ್ಬೇಕು."

"ಇಲ್ಲಮ್ಮ, ಅವನಿಗೆ ಹದಿನೇಳು. ಮೊನ್ನೆ ನವೆಂಬರ್‌ಗೆ ತುಂಬ್ತು. ಮಗು ಅದು. ನಾನು ಅವನ ತಾತ, ನಾನು ಹಾಕ್ತೀನಿ."

"ಕಾರ್ಡಲ್ಲಿ ಹಾಗಿಲ್ಲ. ಕಾರ್ಡಲ್ಲಿ ಇರೋದನ್ನೇ ನಾವು ಬರ್ಕೊಳ್ಳೋದು."

"ಅದು ತಪ್ಪು ಕಣಮ್ಮ! ನಾನು ಹೇಳ್ತಿದೀನಲ್ಲ!" ಎಂದರು ಮೇಷ್ಟ್ರು.

"ಬಿಡಿ ತಾತ," ಎಂದ ಗೋಪಿ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನರ್ಸಿನ ಪೆನ್ನನ್ನೇ ಇಸಿದುಕೊಂಡು, ಕಾಗದ ಸಿಕ್ಕಿಸಿದ ರಟ್ಟನ್ನು ಎದೆಯ ಮೇಲಿಟ್ಟುಕೊಂಡು, ಅವಳು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ಮೇಷ್ಟ್ರು ಕಾಗದಕ್ಕೆಂದು ಚಾಚಿದ ಕೈ ಹಾಗೇ ಇತ್ತು. ಅವನು ಕಾಗದವನ್ನು ನರ್ಸಿನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿದ.