ಹನ್ನೆರಡು ಕುಕ್ಕರ್, ಒಂದು ಕಾಲು

ಕೋವಿಡ್ ಮುಗಿದ ಮರುವರ್ಷ ಚಾಮರಾಜನಗರ–ಗುಂಡ್ಲುಪೇಟೆ ರಸ್ತೆ ಕೆಲಸದಲ್ಲಿ ನಾನು ಗುತ್ತಿಗೆದಾರರ ಕಡೆಯ ಸೇಫ್ಟಿ ಆಫೀಸರ್. ಗುಂಡ್ಲುಪೇಟೆಯಲ್ಲಿ ಬಾಡಿಗೆ ಕೋಣೆ, ಮೆಸ್ಸಿನ ಊಟ. ಕೆಲಸಗಾರರಿಗೆಲ್ಲ ಹಳದಿ ಹೆಲ್ಮೆಟ್, ನನಗೊಬ್ಬನಿಗೆ ಹಸಿರು. ಆ ಹಸಿರು ದೂರದಲ್ಲಿ ಕಂಡರೆ ಸಾಕು, ಮಾತು ನಿಲ್ಲುತ್ತಿತ್ತು. ಮಧ್ಯಾಹ್ನ ಅವರು ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದರೆ ನಾನು ಜೀಪಿನಲ್ಲಿ ಒಬ್ಬನೇ ಉಣ್ಣುತ್ತಿದ್ದೆ. ಅವರು ಕರೆಯಲಿಲ್ಲ; ನಾನಾಗಿ ಹೋಗಲು ನನಗೆ ಬಿಗುಮಾನ.

ನಿಯರ್ ಮಿಸ್ ರಿಜಿಸ್ಟರ್ ಅಂತ ಒಂದಿತ್ತು. ಕೂದಲೆಳೆಯಲ್ಲಿ ತಪ್ಪಿದ ಅಪಾಯಗಳನ್ನು ಬರೆಯುವ ಪುಸ್ತಕ. ಅದು ಪೂರಾ ಖಾಲಿ. ಬರೆದರೆ ಹೆಸರು ಬರುತ್ತದೆ, ಹೆಸರು ಬಂದರೆ ನಾಳೆ ಕೆಲಸವಿಲ್ಲ ಎಂಬ ಭಯ ಅವರದು. ಆಗ ನಾನೊಂದು ಅತಿಬುದ್ಧಿ ಮಾಡಿದೆ: ತೊಂಬತ್ತು ದಿನ ಅಪಘಾತವಿಲ್ಲದೆ ಕಳೆದರೆ ಗ್ಯಾಂಗಿನ ಹನ್ನೆರಡು ಮನೆಗೂ ಒಂದೊಂದು ಕುಕ್ಕರ್! ದಿನಗಳ ಲೆಕ್ಕಕ್ಕೆ ನಿಲ್ಲಿಸಿದ ಬೋರ್ಡಿನ ಮೇಲೆ ದಿನಾ ಬೆಳಿಗ್ಗೆ ನಾನೇ ಜಂಬದಿಂದ ಅಂಕಿ ತಿದ್ದುತ್ತಿದ್ದೆ.

ಎಪ್ಪತ್ತೊಂದನೆಯ ದಿನ, ಡಾಂಬರು ಜಲ್ಲಿ ಹರಡುತ್ತಿದ್ದ ಉಡಿಗಾಲದ ಮಾದೇವಮ್ಮ ಕುಂಟುವುದು ಕಂಡಿತು. ಗಂಬೂಟು ತೆಗೆಸಿದೆ. ವಾಸನೆ ಮೊದಲು ಬಂತು. ಐದು ದಿನದ ಹಿಂದೆ ಬೂಟಿನೊಳಗೆ ಬಿಸಿ ಡಾಂಬರು ಇಳಿದಿತ್ತಂತೆ. ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡಿದ್ದಳು. ಗ್ಯಾಂಗಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ.

"ಯಾಕಮ್ಮ ಹೇಳಲಿಲ್ಲ?"

"ನಂದೊಂದು ಕಾಲ್ಗೋಸ್ಕರ ಅನ್ನೊಂದು ಮನೆ ಕುಕ್ಕರ್ ತಪ್ಪುಸ್ಲಾ ಸಾ?"

ಚಾಮರಾಜನಗರದ ಆಸ್ಪತ್ರೆಯಲ್ಲಿ ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ಆ ಬೆರಳುಗಳಿಗೆ ನಾನೇ ಹೊಣೆ.

ವರದಿ ಕಳಿಸಿದೆ, ಕುಕ್ಕರ್ ತಪ್ಪಿತು. ಯಾರೂ ನನ್ನ ಮುಖ ನೋಡಲಿಲ್ಲ. ಬೋರ್ಡು ಕೀಳಿಸಿದೆ. ಬೆಳಿಗ್ಗೆ ಕೆಲಸಕ್ಕೆ ಮೊದಲು ಐದು ನಿಮಿಷ ನಿಂತು, ನಿನ್ನೆ ಯಾವ ಅಪಾಯ ತಪ್ಪಿತು ಎಂದು ಬಾಯಲ್ಲೇ ಹೇಳುವ ಕ್ರಮ ತಂದೆ. ಹೆಸರು ಬೇಡ, ಯಾರನ್ನೂ ಕೆಲಸದಿಂದ ಬಿಡಿಸುವುದಿಲ್ಲ ಎಂದು ಪ್ರಾಜೆಕ್ಟ್ ಮ್ಯಾನೇಜರ್ ಬಾಯಿಂದಲೇ ಹೇಳಿಸಿದೆ. ಎರಡು ತಿಂಗಳು ಒಬ್ಬರೂ ತುಟಿ ಬಿಚ್ಚಲಿಲ್ಲ. ನಾನೇ ಕೇಳಿ, ನಾನೇ ತಲೆಯಾಡಿಸಿ ಜೀಪಿಗೆ ಹೋಗುತ್ತಿದ್ದೆ. ಅಷ್ಟು ಜನರ ನಡುವೆ ಅಂಥ ಒಂಟಿತನ ನಾನು ಬೇರೆಲ್ಲೂ ಉಂಡಿಲ್ಲ.

ಮಾದೇವಮ್ಮ ವಾಸಿಯಾಗಿ, ವಾಹನಗಳಿಗೆ ಬಾವುಟ ತೋರಿಸುವ ಕೆಲಸಕ್ಕೆ ಮರಳಿದಳು. ಮರುದಿನ ಬೆಳಿಗ್ಗೆ ಕೈಯೆತ್ತಿದಳು.

"ನಾನೊಂದು ಯೋಳ್ತೀನಿ ಸಾ. ನೆನ್ನೆ ರೋಲರ್ ಇಂದಿಂದಕ್ಕೆ ಬತ್ತಿತ್ತು. ಅದ್ರ ಇಂದ್ಗಡೆ ಒಬ್ರು ಪೋನ್ ನೋಡ್ಕಂಡು ನಿಂತಿದ್ರು. ನಾನು ಕೆಂಪು ಬಾವುಟ ಬೀಸ್ದೆ, ಡ್ರೈವರ್ ನಿಲ್ಲುಸ್ಬುಟ್ಟ. ಅವ್ರಿಗೆ ಗೊತ್ತೇ ಆಗ್ನಿಲ್ಲ."

"ಯಾರದು?" ಬಾಯಿತಪ್ಪಿ ಕೇಳಿಬಿಟ್ಟೆ.

"ಎಸ್ರು ಬ್ಯಾಡ ಅಂದಿದ್ರಲ್ಲ ಸಾ. ತಲೆ ಮ್ಯಾಲೆ ಅಸ್ರು ಟೋಪಿ ಇತ್ತು."

ಗ್ಯಾಂಗೆಲ್ಲ ಗೊಳ್ಳೆಂದಿತು. ನನ್ನ ದೆಸೆಯಿಂದ ಎರಡು ಬೆರಳು ಕಳೆದುಕೊಂಡವಳೇ ನನ್ನ ಜೀವ ಉಳಿಸಿದ್ದಳು! ರಿಜಿಸ್ಟರಿನ ಮೊದಲ ಪುಟದಲ್ಲಿ ನನ್ನ ತಪ್ಪನ್ನೇ ಬರೆದು, ಎಲ್ಲರಿಗೂ ಓದಿ ಹೇಳಿದೆ. ಆಮೇಲೆ ಪುಟಗಳು ತುಂಬತೊಡಗಿದವು. ಬೇರೆಯವರ ಬಾಯಿ ಬಿಡಿಸಬೇಕಾದರೆ ಮೊದಲು ನಮ್ಮ ತಪ್ಪನ್ನು ಅವರ ಬಾಯಿಂದ ಕೇಳಿಸಿಕೊಳ್ಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಆ ಮಧ್ಯಾಹ್ನ ಬುತ್ತಿ ಹಿಡಿದು ಹುಣಸೆಮರದ ಕಡೆ ನಡೆದೆ. ಯಾರೂ ಕರೆಯಲಿಲ್ಲ. ಮಾದೇವಮ್ಮ ಮಾತ್ರ ಕಾಲೆಳೆದುಕೊಂಡು ಕೊಂಚ ಪಕ್ಕಕ್ಕೆ ಸರಿದಳು.